ಡಿ-ಫ್ರೇಮ್ ಕೈಬಲೆ: ಹೈಡ್ರಿಲ್ಲಾಗೆ ಸೈ, ಅಂತರಗಂಗೆಗೆ ಸಾಲದು

ಕೆರೆಯ ಜಲಸಸ್ಯಗಳಲ್ಲಿ ಬದುಕುವ ಹುಳ, ಬಸವನಹುಳು, ಸಿಗಡಿಗಳ ಲೆಕ್ಕ ಹಿಡಿಯಲು ಸಾಮಾನ್ಯವಾಗಿ ಬಳಸುವುದು 30 ಸೆಂ.ಮೀ. ಅಗಲದ, 500 ಮೈಕ್ರಾನ್ (ಅರ್ಧ ಮಿ.ಮೀ.) ಕಣ್ಣಿನ ಡಿ ಆಕಾರದ ಬಲೆ. ಕೊಳ್ಳುವಾಗ ಮೊದಲು ಬಟ್ಟೆ ನೋಡಿ. ಅಗ್ಗದವಕ್ಕೆ ಸೊಳ್ಳೆಪರದೆ ಹೊಲಿದಿರುತ್ತಾರೆ. ಅದರ ಕಣ್ಣು ಒಂದು ಮಿ.ಮೀ. ದಾಟುವುದರಿಂದ ಕೈರೊನೊಮಿಡ್ ಎಂಬ ಕಚ್ಚದ ನುಸಿಯ ಎಳೆಯ ಮರಿಗಳೆಲ್ಲ ಜಾರಿಹೋಗಿ, ಕೆರೆಯಲ್ಲಿ ಬಸವನಹುಳುಗಳದ್ದೇ ದರ್ಬಾರು ಅನ್ನಿಸಿಬಿಡುತ್ತದೆ. ಚೌಕಟ್ಟಿಗೆ ಕ್ಯಾನ್ವಾಸ್ ಪಟ್ಟಿ ಇರಲೇಬೇಕು, ಆಪು ಹುಲ್ಲಿನ ಮೋಟುಗಳಿಗೆ ಸಿಕ್ಕಿ ಬಲೆ ಹರಿಯುವುದು ಅಲ್ಲೇ.

ನೀರಿನೊಳಗೇ ಬೆಳೆಯುವ ಹೈಡ್ರಿಲ್ಲಾ, ಸೆರಟೋಫಿಲಂ ಗಿಡಗಳ ಪೊದೆಗಳಲ್ಲಿ ಇದರ ಕೆಲಸ ಚೆನ್ನ. ಒತ್ತಾದ ಸಣ್ಣ ಎಲೆಗಳ ಮೇಲೆ ಮೇಯಲು ಪಾಚಿ, ಮೀನಿನಿಂದ ಮರೆ, ಎರಡೂ ಸಿಗುವುದರಿಂದ ಜೀವಿಗಳೂ ಹೆಚ್ಚು. ಒಂದು ಮೀಟರ್ ನಿಧಾನವಾಗಿ ಎಳೆದು, ಬಾಯಿ ಮೇಲೆ ಮಾಡಿ ಎತ್ತಿ. ರಭಸ ಮಾಡಿದರೆ ಡ್ಯಾಮ್ಸೆಲ್‌ಫ್ಲೈ (ಕೊರೆಹುಳದಂತೆ ತೋರುವ ತೆಳು ಮೈಯ ಏರೋಪ್ಲೇನ್ ಚಿಟ್ಟೆ) ಮರಿಗಳ ಬಾಲದ ತುದಿಯ ಮೂರು ಎಲೆಯಂಥ ಕಿವಿರುಗಳು ಉದುರುತ್ತವೆ. ಆಮೇಲೆ ಗುರುತು ಹಚ್ಚುವುದು ತಲೆನೋವು.

ಬಲೆಗೆ ಬಂದ ಗಿಡವನ್ನು ಎಸೆಯಬೇಡಿ, ಅರ್ಧ ಫಸಲು ಅದರಲ್ಲೇ ಅಂಟಿರುತ್ತದೆ. ಅರ್ಧ ಬಕೆಟ್ ನೀರಿನಲ್ಲಿ ಮೂರು ಸಲ ಜಾಲಾಡಿ, ಬಸವನಹುಳುಗಳನ್ನು ಕೈಯಿಂದ ಬಿಡಿಸಿ, ನೀರನ್ನು 500 ಮೈಕ್ರಾನ್ ಜರಡಿಯಲ್ಲಿ ಸೋಸಿ. ಗಿಡವನ್ನು ಒಣಗಿಸಿ ತೂಗಿಡಿ. ದಟ್ಟ ಪೊದೆಯಲ್ಲಿ ಬಲೆ ಬೇಗ ತುಂಬಿ ಅರ್ಧಕ್ಕೇ ನಿಲ್ಲುತ್ತದೆ. ಲೆಕ್ಕವನ್ನು ಗಿಡದ ಒಣತೂಕದ ಗ್ರಾಂಗೆ ಇಷ್ಟು ಎಂದು ಹಾಕದಿದ್ದರೆ ಅಲ್ಲಿ ಹುಳವೇ ಕಡಿಮೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಸೋಸಿದ್ದನ್ನು 80% ಆಲ್ಕೋಹಾಲಿಗೆ ಹಾಕಿ, ಮರುದಿನ ಆಲ್ಕೋಹಾಲ್ ಬದಲಿಸಿ. ಗಿಡದ ಚೂರುಗಳು ನೀರು ಬಿಟ್ಟು ಅದನ್ನು ತೆಳುವಾಗಿಸಿರುತ್ತವೆ.

ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗಳಲ್ಲಿ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡಗಳ ಹಾಸಿಗೆ ಮಾತ್ರ ಬೇರೆಯೇ ಕಥೆ. ಪಕ್ಕದಿಂದ ಬಲೆ ತೂರಿಸಿದರೆ ಜೋತುಬಿದ್ದ ಬೇರುಗಳಲ್ಲಿರುವುದೆಲ್ಲ ಕೆಳಗೆ ಉದುರಿ ತಪ್ಪಿಸಿಕೊಳ್ಳುತ್ತದೆ. 25 ಸೆಂ.ಮೀ. ಚೌಕ ಕತ್ತರಿಸಿ, ಬಲೆಯನ್ನು ಅಡಿಯಿಂದ ತಂದು ಗಿಡ ಸಮೇತ ಎತ್ತಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು. ಹಾಸಿಗೆಯ ಅಂಚು, ನಡುವನ್ನು ಒಂದೇ ಬಾಟಲಿಗೆ ತುಂಬಬೇಡಿ. ನಡುವೆ ಬೆಳಕು ಇಳಿಯದೆ ಆಮ್ಲಜನಕ ಕುಸಿದಿರುತ್ತದೆ. ಅಲ್ಲಿನ ತಳದ ಕೆಸರಿನಲ್ಲಿ ತಾಳಿಕೊಳ್ಳುವುದು ಹಿಮೋಗ್ಲೋಬಿನ್ ಇರುವ ಕೆಂಪು ಕೈರೊನೊಮಿಡ್ ಮರಿಯಂಥವು ಮಾತ್ರ.

ಹೊಲಿಗೆಯ ಸಂದಿಯಲ್ಲಿ ಹೈಡ್ರಿಲ್ಲಾ ತುಂಡು, ಬಸವನಹುಳುವಿನ ಮೊಟ್ಟೆ ಉಳಿಯುತ್ತವೆ. ಸಣ್ಣ ತುಂಡೂ ಬೇರು ಬಿಡುತ್ತದೆ. ಬಿಸಿಲಿನಲ್ಲಿ ಪೂರ್ತಿ ಒಣಗದ ಬಲೆಯನ್ನು ಇನ್ನೊಂದು ಕೆರೆಗೆ ಇಳಿಸಬೇಡಿ. ಚೀಲ ಬಿಚ್ಚಿ ಬದಲಿಸಬಹುದಾದ ಮಾದರಿಯನ್ನೇ ಕೊಂಡು, ಜೊತೆಗೆ ಇನ್ನೊಂದು ಚೀಲವನ್ನೂ ಇಟ್ಟುಕೊಳ್ಳಿ.