ಹಾವು-ಏಣಿಯ ಫ್ಲೆಕ್ಸ್, ರಟ್ಟಿನ ಮತಯಂತ್ರ: ಕಾಲೇಜುಗಳಿಗೆ ಬಂದಿರುವ ಮತದಾರರ ಆಟದ ಕಿಟ್ ಕೊಳ್ಳಬಹುದೇ?

ಮಂಗಳೂರು, ಉಡುಪಿಯ ಕಾಲೇಜುಗಳ ಮತದಾರರ ಸಾಕ್ಷರತಾ ಸಂಘಗಳ ಮುಂದೆ ಈಗ ಈ ಕಿಟ್ ಇದೆ. ನೆಲಕ್ಕೆ ಹಾಸುವ 100 ಮನೆಗಳ ಹಾವು-ಏಣಿ ಫ್ಲೆಕ್ಸ್, ಸ್ಪಂಜಿನ ದೊಡ್ಡ ದಾಳ, ಪ್ರಶ್ನೆ ಕಾರ್ಡುಗಳ ಕಟ್ಟು, ಮಡಚಿಡುವ ರಟ್ಟಿನ ಮತಗಟ್ಟೆ, ಇಷ್ಟು ಸಾಮಾನು. ಕೊಳ್ಳಬಹುದು, ಆದರೆ ಮತಗಟ್ಟೆಗಾಗಿ ಕೊಳ್ಳಬೇಕು. ಪ್ರಶ್ನೆ ಕಾರ್ಡುಗಳಲ್ಲಿ ಅರ್ಧದಷ್ಟು ಬದಿಗಿಡುವಂಥವು.

ಕರಾವಳಿಯ ಹುಡುಗರಿಗೆ ಮತದಾನದಲ್ಲಿ ಆಸಕ್ತಿ ಇಲ್ಲ ಎಂದುಕೊಂಡು ಮಾಡಿದ ಆಟ ಇಲ್ಲಿ ನಿಲ್ಲುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು ಎರಡೂ ಕ್ಷೇತ್ರಗಳಲ್ಲಿ ಶೇ. 77ಕ್ಕಿಂತ ಹೆಚ್ಚು ಮತ ಬಿತ್ತು. ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಇಲ್ಲಿ ತಪ್ಪಿಹೋಗುವವರು ಬೇರೆ ಥರದವರು: 18 ತುಂಬಿದರೂ ಪಟ್ಟಿಗೆ ಹೆಸರು ಸೇರಿಸದವರು, ಹೆಸರು ಊರಲ್ಲಿ ಇದ್ದು ತಾವು ಬೆಂಗಳೂರಿನ ಪಿಜಿಯಲ್ಲಿ ಇರುವವರು, ಸುರತ್ಕಲ್, ಕೊಣಾಜೆ, ಮಣಿಪಾಲದ ಹಾಸ್ಟೆಲುಗಳಲ್ಲಿ ಇರುವವರು. ಅವರಿಗೆ ಭಾಷಣ ಬೇಡ, ಅರ್ಜಿ ನಮೂನೆಯ ಪರಿಚಯ ಬೇಕು. ಈ ಅಳತೆಯಿಂದಲೇ ಕಿಟ್ಟನ್ನು ತೂಗಬೇಕು.

ಪ್ರಶ್ನೆ ಕಾರ್ಡುಗಳು ನೆನಪಿನ ಶಕ್ತಿ ಪರೀಕ್ಷಿಸುತ್ತವೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಎಷ್ಟನೇ ತಿದ್ದುಪಡಿಯಿಂದ? 61ನೆಯದು, ಸರಿ. ಆದರೆ ಉತ್ತರ ಗೊತ್ತಿದ್ದ ಮಾತ್ರಕ್ಕೆ ಯಾರ ಹೆಸರೂ ಪಟ್ಟಿಗೆ ಸೇರುವುದಿಲ್ಲ. ಕ್ವಿಜ್ ಚೆನ್ನಾಗಿ ಆಡುವ ಇಬ್ಬರು ಮೂವರು ಎಲ್ಲ ಅಂಕ ಬಾಚಿಕೊಳ್ಳುತ್ತಾರೆ, ಉಳಿದವರು ಹಿಂದಿನ ಬೆಂಚಲ್ಲಿ ಮೊಬೈಲು ನೋಡುತ್ತಾರೆ. ಆ ಮೊಬೈಲನ್ನೇ ಆಟಕ್ಕೆ ತನ್ನಿ. ಚುನಾವಣಾ ಆಯೋಗದ ಆ್ಯಪ್ ಅಥವಾ ಪೋರ್ಟಲ್ ತೆರೆದು ಮತದಾರರ ಪಟ್ಟಿಯಲ್ಲಿ ತಮ್ಮದೋ ಅಪ್ಪ ಅಮ್ಮನದೋ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿದ ತಂಡಕ್ಕೆ ಏಣಿ. ಮನೆಯವರೊಬ್ಬರ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹೇಗೂ ಹೊಸ ಅರ್ಜಿಗೆ ಬೇಕಾಗುತ್ತದೆ.

ಮುದ್ರಣದಲ್ಲಿ ಹಳೆಯ ಮಾಹಿತಿ ಉಳಿದಿರುವುದು ದೊಡ್ಡ ದೋಷ. 18 ತುಂಬಿರಬೇಕಾದ ಅರ್ಹತಾ ದಿನಾಂಕ ಜನವರಿ 1 ಒಂದೇ ಎಂದು 14ನೇ ಮನೆಯಲ್ಲಿದೆ. 2022ರ ಆಗಸ್ಟ್‌ನಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನಾಂಕಗಳಿವೆ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಕ್ಷೇತ್ರದೊಳಗೆ ಮನೆ ಬದಲಿಸಿದವರಿಗೆ ನಮೂನೆ 8ಎ ಎಂದು ಒಂದು ಪ್ರಶ್ನೆ ಕಾರ್ಡು ಹೇಳುತ್ತದೆ. ಅದು ಈಗ ಇಲ್ಲ. ವಿಳಾಸ ಬದಲಾವಣೆ, ತಿದ್ದುಪಡಿ, ಬದಲಿ ಗುರುತಿನ ಚೀಟಿ ಎಲ್ಲಕ್ಕೂ ನಮೂನೆ 8. ನಮೂನೆ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಊರಲ್ಲಿ ಹೆಸರಿರುವ ಹಾಸ್ಟೆಲ್ ವಿದ್ಯಾರ್ಥಿ ಇಲ್ಲಿ ಮತ್ತೊಮ್ಮೆ 6 ತುಂಬಿದರೆ ಎರಡು ಕಡೆ ನೋಂದಣಿಯಾಗುತ್ತದೆ, ಅದು ಕಾನೂನಿಗೆ ವಿರುದ್ಧ. ಫ್ಲೆಕ್ಸ್, ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿ ಸರಿಮಾಡಬಹುದು, ಆದರೆ ಹಣ ಕೊಡುವ ಮೊದಲೇ ಈ ಎರಡನ್ನೂ ನೋಡಿಕೊಳ್ಳಿ.

ನಕ್ಷೆಯ ಕಾರ್ಡೂ ಅಷ್ಟೇ, ಜಿಲ್ಲೆಯ ಗಡಿಯನ್ನೇ ಲೋಕಸಭಾ ಕ್ಷೇತ್ರದ ಗಡಿ ಎಂದು ತೋರಿಸಿದೆ. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. 2024ರಲ್ಲಿ ಉಡುಪಿಗೆ ಏಪ್ರಿಲ್ 26ರಂದು ಮತದಾನ, ಬೈಂದೂರಿಗೆ ಮೇ 7ರಂದು. ಕುಂದಾಪುರದ ಕಾಲೇಜಿನಲ್ಲಿ ಒಂದೇ ಬೆಂಚಿನ ಇಬ್ಬರಿಗೆ ಎರಡು ದಿನಾಂಕ! ಮಂಗಳೂರಿನಲ್ಲಿ ಗೊಂದಲ ವಿಧಾನಸಭಾ ಕ್ಷೇತ್ರಗಳ ಹೆಸರಿನದು: ಕ್ಷೇತ್ರ ಸಂಖ್ಯೆ 202 ನಗರ ಉತ್ತರ, 203 ನಗರ ದಕ್ಷಿಣ, 204 ಬರೀ ಮಂಗಳೂರು. ಸುರತ್ಕಲ್ 202ಕ್ಕೆ, ಉಳ್ಳಾಲ, ದೇರಳಕಟ್ಟೆ, ಕೊಣಾಜೆ 204ಕ್ಕೆ. ಆನ್‌ಲೈನ್ ಅರ್ಜಿಯಲ್ಲಿ ಕ್ಷೇತ್ರ ಆರಿಸುವಾಗ ಕೈತಪ್ಪುವುದು ಇಲ್ಲೇ. ಇದಕ್ಕೊಂದು ಹಾವು ಬೇಕಿತ್ತು, ಕಿಟ್‌ನಲ್ಲಿ ಇಲ್ಲ.

ಇರಬಾರದ ಹಾವೂ ಒಂದಿದೆ. 87ನೇ ಮನೆಯಲ್ಲಿ 'ನೋಟಾ ಒತ್ತಿದಿರಿ, 40ಕ್ಕೆ ಇಳಿಯಿರಿ' ಎಂದಿದೆ. ನೋಟಾ 2013ರಿಂದ ಯಂತ್ರದ ಮೇಲಿರುವ ನ್ಯಾಯಬದ್ಧ ಆಯ್ಕೆ. ಯಾವ ಆಯ್ಕೆಗೂ ಬಹುಮಾನವಾಗಲಿ ಶಿಕ್ಷೆಯಾಗಲಿ ಇರಕೂಡದು. ಆ ಮನೆಯನ್ನು ಅಳಿಸಿಯೇ ಆಡಿಸಿ.

ಮತಗಟ್ಟೆ ಸೆಟ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಮೂವರು ವಿದ್ಯಾರ್ಥಿಗಳು ಮತಗಟ್ಟೆ ಅಧಿಕಾರಿಗಳಾಗುತ್ತಾರೆ. ಒಬ್ಬರು ಪಟ್ಟಿಯಲ್ಲಿ ಹೆಸರು ಓದಿ ಗುರುತು ನೋಡುತ್ತಾರೆ, ಇನ್ನೊಬ್ಬರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ 17ಎ ಎಂಬ ಮತದಾರರ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಚೀಟಿ ಕೊಡುತ್ತಾರೆ, ಮೂರನೆಯವರು ಚೀಟಿ ಪಡೆದು ಮತಯಂತ್ರದ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತುತ್ತಾರೆ. ಆಮೇಲೆ ಮತದಾರ ಒತ್ತುವ ನೀಲಿ ಗುಂಡಿ, ಕೆಂಪು ದೀಪ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ, ಬೀಪ್. ರಟ್ಟಿನ ವಿವಿಪ್ಯಾಟ್‌ನಲ್ಲಿ ಚೀಟಿ ಸುಮ್ಮನೆ ಅಂಟಿಕೊಂಡಿರುತ್ತದೆ, ನಿಜವಾದದ್ದರಲ್ಲಿ ಅದು ಕಾಣುವುದು 7 ಸೆಕೆಂಡು. ಕಿಟಕಿಯ ಹಿಂದೆ ಒಬ್ಬರು ಚೀಟಿ ಹಿಡಿದು ಏಳು ಎಣಿಸಿ ಕೆಳಗೆ ಬಿಟ್ಟರೆ ಸಾಕು, ಹುಡುಗರು ಗುಂಡಿ ಒತ್ತಿದ ಕೂಡಲೇ ತಿರುಗಿ ಹೋಗುವುದು ನಿಲ್ಲುತ್ತದೆ.

ಮತಗಟ್ಟೆಯಲ್ಲಿ ಎದುರಾಗುವ ತೊಂದರೆ ಬರೆದಿರುವ ಕಾರ್ಡುಗಳು ಈ ಸೆಟ್ಟಿನ ಜೀವಾಳ. 'ಕಾಲೇಜಿನ ಐಡಿ ಕಾರ್ಡು ತಂದಿದ್ದೀರಿ': ನಡೆಯುವುದಿಲ್ಲ, ಎಪಿಕ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್‌ನಂಥ ಆಯೋಗದ ಪಟ್ಟಿಯಲ್ಲಿರುವ ದಾಖಲೆಯೇ ಬೇಕು. ಮತದಾರರ ಮಾಹಿತಿ ಚೀಟಿಯೊಂದೇ ಸಾಲದು. 'ನಿಮ್ಮ ಹೆಸರಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದಾರೆ': ವಾಪಸು ಹೋಗಬೇಡಿ, ಗುರುತು ಸಾಬೀತಾದರೆ ಚುನಾವಣಾ ನಿಯಮ 49ಪಿ ಪ್ರಕಾರ ಕಾಗದದ ಮತಪತ್ರ ಸಿಗುತ್ತದೆ. 'ಅಭ್ಯರ್ಥಿಯ ಏಜೆಂಟರು ನಿಮ್ಮ ಗುರುತನ್ನು ಪ್ರಶ್ನಿಸಿದ್ದಾರೆ': ಅದಕ್ಕೆ ಅವರು 2 ರೂಪಾಯಿ ಠೇವಣಿ ಇಡಬೇಕು. ಇಂಥ ಕಾರ್ಡುಗಳನ್ನು ಇಮ್ಮಡಿ ಮಾಡಿ ಕ್ವಿಜ್ ಕಡಿಮೆ ಮಾಡಿದ್ದರೆ ಕಿಟ್ ಇನ್ನೂ ಒಳ್ಳೆಯದಾಗುತ್ತಿತ್ತು.

ಆಡಿಸುವುದಕ್ಕೆ ದ್ವಿತೀಯ ಪಿಯು ತರಗತಿಯೇ ಸರಿಯಾದ ಜಾಗ. ಹೆಚ್ಚಿನವರಿಗೆ 17 ತುಂಬಿರುತ್ತದೆ, ಇನ್ನೂ ಮನೆಯಲ್ಲೇ ಇರುತ್ತಾರೆ, ಮುಂದಿನ ವರ್ಷ ಯಾರು ಎಲ್ಲಿಗೋ. 60 ಮಕ್ಕಳನ್ನು ಒಂದೇ ಫ್ಲೆಕ್ಸ್ ಸುತ್ತ ನಿಲ್ಲಿಸಿದರೆ ಗದ್ದಲವಷ್ಟೇ ಉಳಿಯುತ್ತದೆ. ಐದೈದು ಜನರ ಆರು ತಂಡ ಹಾವು-ಏಣಿಗೆ, ಉಳಿದರ್ಧ ಮತಗಟ್ಟೆಗೆ, 40 ನಿಮಿಷಕ್ಕೆ ಅದಲು ಬದಲು. ಕಾರ್ಡಿನ ಕನ್ನಡ ಕಚೇರಿಯ ಕನ್ನಡ, ಆಡಿಸುವವರು ತುಳುವಿನಲ್ಲೋ ಬ್ಯಾರಿಯಲ್ಲೋ ಒಂದು ಮಾತು ಬಿಡಿಸಿ ಹೇಳಿದರೆ ಆಟ ಓಡುತ್ತದೆ.

ಬಹುಮಾನದ ಬಗ್ಗೆ ಎಚ್ಚರ. ಆಟ ಗೆದ್ದವರಿಗೆ ಪೆನ್ನು, ಪುಸ್ತಕ ಕೊಡಿ. 'ಮತ ಹಾಕಿ ಬಂದು ಶಾಯಿ ತೋರಿಸಿದರೆ ಐಸ್‌ಕ್ರೀಮ್' ಎಂಬ ಕಿಟ್‌ನ ಕೂಪನ್ ಬೇಡ. ಮತದಾನದ ಹಕ್ಕು ಚಲಾಯಿಸಲು ಪ್ರೇರೇಪಿಸಿ ಪ್ರತಿಫಲ ಕೊಡುವುದನ್ನೂ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಲಂಚದ ವ್ಯಾಖ್ಯೆಯಲ್ಲಿ ಸೇರಿಸಿದೆ. ಕಾಲೇಜು ಆ ತಂಟೆಗೇ ಹೋಗಬಾರದು.

ಫ್ಲೆಕ್ಸ್ ಸುತ್ತಿಡುವ ಮೊದಲು ಅರ್ಜಿ ಆಗಬೇಕು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೊ ಹಿಂದಿನ ದಿನವೇ ತರಲು ಹೇಳಿ. ಹಾಸ್ಟೆಲ್ ವಿಳಾಸದಲ್ಲಿ ಮೊದಲ ಸಲ ಸೇರುವವರಿಗೆ ಪ್ರಾಂಶುಪಾಲರ ದೃಢೀಕರಣ ತಯಾರಿರಲಿ. ಅರ್ಜಿ ಸಲ್ಲಿಸಿದಾಗ ಬರುವ ಉಲ್ಲೇಖ ಸಂಖ್ಯೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ, ತಿಂಗಳು ಬಿಟ್ಟು ಸ್ಥಿತಿ ನೋಡಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದಾಗ ಯಾರೂ ಇರಲಿಲ್ಲ ಎಂದು ಅರ್ಜಿ ನಿಂತಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಬಹುದು.