ಏಳು ವರ್ಷ ಬಾಳಿ ನೋಡಿದ ಮೇಲೆ: ಸನ್ನಿವೇಲ್‌ನ ನಮ್ಮ ಐಕ್ಲರ್ ಮನೆಯ ನವೀಕರಣ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ 1962ರಲ್ಲಿ ಕಟ್ಟಿದ ಐಕ್ಲರ್ ಮನೆಯೊಂದನ್ನು ನಾವು 2017ರಲ್ಲಿ ಕೊಂಡೆವು. ಮರುವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನವೀಕರಣ ನಡೆಸಿ ಆ ವರ್ಷದ ದೀಪಾವಳಿಗೆ ಒಳಗೆ ಬಂದೆವು. ನಾನು, ನನ್ನ ಪತಿ, ಇಬ್ಬರು ಮಕ್ಕಳು, ವರ್ಷದಲ್ಲಿ ಆರು ತಿಂಗಳು ಮಂಡ್ಯದಿಂದ ಬಂದಿರುವ ನನ್ನ ಅಮ್ಮ, ಇಷ್ಟು ಜನ ಏಳು ವರ್ಷ ಈ ಮನೆಯಲ್ಲಿ ದಿನನಿತ್ಯ ಬಾಳಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಸದಾಗಿ ಮುಗಿದ ಕೆಲಸದ ಚಿತ್ರಗಳನ್ನು ನೋಡಿ ಎಲ್ಲರೂ ಕೇಳುವುದು ಗಾಜಿನ ಬಾಗಿಲು ಎಷ್ಟು ಅಗಲವಾಗಿ ತೆರೆಯುತ್ತದೆ ಎಂದು. ಒಳಗೂ ಹೊರಗೂ ಒಂದಾಗಿ ಬಾಳುವ ಮನೆ ಬೇಕೆಂದವರಿಗೆ ಆ ಅಗಲಕ್ಕಿಂತ ನೆಲದ ಮಟ್ಟ, ಮಳೆನೀರಿನ ದಾರಿ ಮತ್ತು ಛಾವಣಿ ಬಹಳ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಬರಲು ಒಂದು ಮಳೆಗಾಲವೂ ಒಂದು ಒಡೆದ ಕೊಳವೆಯೂ ಬೇಕಾದವು.

ಈ ಮನೆಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಜೋಸೆಫ್ ಐಕ್ಲರ್ ವಾಸ್ತುಶಿಲ್ಪಿಯಲ್ಲ, ಮನೆ ಕಟ್ಟಿಸಿ ಮಾರುತ್ತಿದ್ದ ಉದ್ಯಮಿ. ಹಿಲ್ಸ್‌ಬರೋದಲ್ಲಿ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ್ದ ಮನೆಯೊಂದರಲ್ಲಿ ಬಾಡಿಗೆಗೆ ಇದ್ದ ಕಾಲದಲ್ಲಿ ಅವರಿಗೆ ಅಂಥ ಬೆಳಕು, ಅಂಥ ಬಯಲು ಮಧ್ಯಮವರ್ಗದ ಸಂಸಾರಗಳಿಗೂ ಸಿಗಬೇಕೆನಿಸಿತು. ಆನ್ಶೆನ್ ಮತ್ತು ಆಲೆನ್, ಎ. ಕ್ವಿನ್ಸಿ ಜೋನ್ಸ್, ಕ್ಲಾಡ್ ಓಕ್‌ಲ್ಯಾಂಡ್ ಮೊದಲಾದವರಿಂದ ವಿನ್ಯಾಸ ಮಾಡಿಸಿ, 1940ರ ದಶಕದ ಕೊನೆಯಿಂದ ಎರಡೂವರೆ ದಶಕಗಳಲ್ಲಿ ಅವರು ಸುಮಾರು 11,000 ಮನೆಗಳನ್ನು ಕಟ್ಟಿಸಿದರು. ಮನೆ ಕೊಳ್ಳಬಂದವರ ಬಣ್ಣವನ್ನಾಗಲಿ ಧರ್ಮವನ್ನಾಗಲಿ ಅವರು ನೋಡುತ್ತಿರಲಿಲ್ಲ. ಅಮೆರಿಕದ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘವು ತಾರತಮ್ಯವಿಲ್ಲದ ಮಾರಾಟದ ನೀತಿಯನ್ನು ಒಪ್ಪದಿದ್ದಾಗ 1958ರಲ್ಲಿ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಇಂದು ನಮ್ಮ ಬೀದಿಯಲ್ಲಿ ನಾಲ್ಕಾರು ಭಾಷೆ ಕೇಳಿಬರುವಾಗ ನನಗೆ ಈ ಸಂಗತಿ ನೆನಪಾಗುತ್ತದೆ, ಹಾಗಾಗಿ ಇಲ್ಲಿ ಬರೆದೆ.

ಕಟ್ಟಡದ ಮಟ್ಟಿಗೆ ಹೇಳುವುದಾದರೆ, ಇವು ಕಂಬ ಮತ್ತು ತೊಲೆಗಳ ಮೇಲೆ ನಿಂತ ಮನೆಗಳು. ನಮ್ಮ ಕಡೆಯ ಹಳೆಯ ಮನೆಗಳ ಹಲಗೆ ಮುಚ್ಚಿಗೆಯಂತೆ ಇಲ್ಲಿಯೂ ತಲೆಯ ಮೇಲೆ ಕಾಣುವ ಹಲಗೆಯೇ ಛಾವಣಿಯ ತಳ, ನಡುವೆ ಅಟ್ಟವಿಲ್ಲ. ಹಿತ್ತಲ ಕಡೆಗೆ ನೆಲದಿಂದ ತೊಲೆಯವರೆಗೆ ಗಾಜು, ಬೀದಿಯ ಕಡೆಗೆ ಹೆಚ್ಚುಕಡಿಮೆ ಕಿಟಕಿಯೇ ಇಲ್ಲದ ಗೋಡೆ, ನೆಲ ಒಂದೇ ಕಾಂಕ್ರೀಟ್ ಹಾಸು, ಮನೆಯನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಆ ಹಾಸಿನೊಳಗೆ. 1950ರ ದಶಕದ ಕೊನೆಯ ನಂತರದ ಅನೇಕ ಮನೆಗಳಲ್ಲಿ ಇರುವಂತೆ ನಮ್ಮ ಮನೆಯ ನಡುವೆಯೂ ಆಕಾಶಕ್ಕೆ ತೆರೆದ ಅಂಗಳವಿದೆ. ಬೀದಿ ಬಾಗಿಲು ದಾಟಿದರೆ ಮೊದಲು ಸಿಗುವುದು ಆ ಅಂಗಳ, ಅದರಾಚೆಗೆ ಮನೆಯ ನಿಜವಾದ ಬಾಗಿಲು.

ಅಮ್ಮ ಈ ಮನೆಯನ್ನು ಮೊದಲ ಬಾರಿ ನೋಡಿದ್ದು ನವೀಕರಣಕ್ಕೆ ಮುಂಚೆ. ಅಂಗಳದಲ್ಲಿ ನಿಂತು ಸುತ್ತಲೂ ನೋಡಿ, "ತೊಟ್ಟಿ ಚೆನ್ನಾಗಿದೆ ಕಣೇ, ಆದರೆ ಇದಕ್ಕೆ ತಗ್ಗೇ ಇಲ್ವಲ್ಲ, ಮಳೆ ನೀರು ಎಲ್ಲಿ ಹೋಗುತ್ತೆ?" ಎಂದು ಕೇಳಿದರು. ಅವರು ಹುಟ್ಟಿ ಬೆಳೆದದ್ದು ತೊಟ್ಟಿ ಮನೆಯಲ್ಲಿ. ಅಲ್ಲಿ ನಾಲ್ಕೂ ಕಡೆಯ ಹೆಂಚಿನ ಮಾಡಿನ ನೀರು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯ ನೆಲ ಸುತ್ತಲ ಪಡಸಾಲೆಗಿಂತ ಗೇಣುದ್ದಕ್ಕೂ ಹೆಚ್ಚು ತಗ್ಗಿನಲ್ಲಿರುತ್ತದೆ, ಮೂಲೆಯ ಬಚ್ಚಲಗಂಡಿ ಕಟ್ಟಿಕೊಂಡರೂ ನೀರು ಮೇಲೇರಿ ಪಡಸಾಲೆಗೆ ಬರುವಷ್ಟರಲ್ಲಿ ಯಾರಾದರೂ ನೋಡಿರುತ್ತಾರೆ. ಐಕ್ಲರ್ ಮನೆಯಲ್ಲಿ ಒಳನೆಲವೂ ಅಂಗಳವೂ ಬಹುತೇಕ ಒಂದೇ ಮಟ್ಟ. ಅದು ಈ ಮನೆಯ ಸೊಬಗೂ ಹೌದು, ಅಪಾಯವೂ ಹೌದು. ನಾನು ಅಮ್ಮನ ಪ್ರಶ್ನೆಯನ್ನು ಆಗ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ನವೀಕರಣದಲ್ಲಿ ಅಂಗಳದ ಬಿರುಕುಬಿಟ್ಟ ಹಳೆಯ ಕಾಂಕ್ರೀಟನ್ನು ಕಿತ್ತು, ಹೊಸ ಹಾಸು ಹಾಕಿಸಿ, ಒಳಗಿನ ಪೋರ್ಸಲೀನ್ ಟೈಲ್‌ನ ಜಾತಿಯದನ್ನೇ ಒರಟು ಮೈಯ ರೂಪದಲ್ಲಿ ಹೊರಗೂ ಹಾಸಿದೆವು. ಊರಿನ ಗಾರೆಯವರು ವಾಟ ಎನ್ನುತ್ತಾರಲ್ಲ, ಆ ಇಳಿಜಾರನ್ನು ನೂರಕ್ಕೆ ಎರಡರಷ್ಟು ಕೊಟ್ಟು ನೀರೆಲ್ಲ ನಡುವಿನ ಒಂದು ಚರಂಡಿ ಬಾಯಿಗೆ ಸೇರುವಂತೆ ಮಾಡಲಾಯಿತು. ನಾಲ್ಕು ವರ್ಷ ಯಾವ ತೊಂದರೆಯೂ ಆಗಲಿಲ್ಲ, ಏಕೆಂದರೆ ಆ ವರ್ಷಗಳಲ್ಲಿ ಬಹುಪಾಲು ಬರವೇ ಇತ್ತು. 2022ರ ಡಿಸೆಂಬರ್ ಕೊನೆಯಿಂದ 2023ರ ಜನವರಿಯವರೆಗೆ ಪೆಸಿಫಿಕ್ ಸಾಗರದಿಂದ ಒಂದರ ಹಿಂದೊಂದು ಬಿರುಮಳೆಗಳು ಕ್ಯಾಲಿಫೋರ್ನಿಯಾವನ್ನು ಹಾಯ್ದುಹೋದಾಗ, ಅಂಗಳದ ಮೇಪಲ್ ಗಿಡದ ಎಲೆಗಳು ಆ ಒಂದೇ ಬಾಯಿಯನ್ನು ರಾತ್ರಿಯ ಹೊತ್ತಿನಲ್ಲಿ ಮುಚ್ಚಿಬಿಟ್ಟವು. ಬೆಳಗಿನ ಜಾವ ನಾಲ್ಕಕ್ಕೆ ನೀರು ಗಾಜಿನ ಬಾಗಿಲಿನ ಕೆಳಹಳಿಯವರೆಗೆ ಬಂದಿತ್ತು. ನಾವಿಬ್ಬರೂ ಬರಿಗೈಯಲ್ಲಿ ಎಲೆ ತೆಗೆದು, ಹಳೆಯ ಟವೆಲ್‌ಗಳನ್ನು ಬಾಗಿಲಿಗೆ ಒತ್ತಿ, ನೀರು ಇಳಿಯುವವರೆಗೆ ಅಲ್ಲೇ ನಿಂತಿದ್ದೆವು. ಇನ್ನರ್ಧ ಇಂಚು ಏರಿದ್ದರೆ ನೀರು ನಡುಮನೆಗೆ ನುಗ್ಗುತ್ತಿತ್ತು.

ಆ ಬೇಸಿಗೆಯಲ್ಲಿ ಅಂಗಳದ ಅಂಚನ್ನು ಮತ್ತೆ ಅಗೆಸಿ, ಗಾಜಿನ ಬಾಗಿಲುಗಳ ಮುಂದೆ ಉದ್ದಕ್ಕೂ ಜಾಲರಿ ಮುಚ್ಚಿದ ಕಿರುಗಾಲುವೆಯನ್ನೂ, ಬೇರೆಯೇ ಕೊಳವೆಯಿಂದ ಬೀದಿಯ ಕಡೆಗೆ ಹರಿಯುವ ಎರಡನೆಯ ಬಾಯಿಯನ್ನೂ ಮಾಡಿಸಿದೆವು. ಇದನ್ನು 2018ರಲ್ಲೇ ಮಾಡಿಸಿದ್ದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತಿತ್ತು. ಇಂಥ ಮನೆ ಕೊಳ್ಳುವ ಯಾರೇ ಆಗಲಿ, ವಿನ್ಯಾಸಗಾರರ ಜೊತೆ ಕುಳಿತ ಮೊದಲ ದಿನವೇ ಚರಂಡಿಯ ಒಂದು ಬಾಯಿ ಕಟ್ಟಿಕೊಂಡರೆ ನೀರು ಯಾವ ದಾರಿ ಹಿಡಿಯುತ್ತದೆ ಎಂದು ಕೇಳಬೇಕು.

ಇನ್ನು ಬಾಗಿಲಿನ ವಿಷಯ. ಹಿತ್ತಲಿನ ಕಡೆ ಒಂದು ಕಂಬವನ್ನು ತೆಗೆಸಿ, ಅದರ ಎರಡೂ ಪಕ್ಕದ ಅಂಕಣಗಳನ್ನು, ಅಂದರೆ ಕಂಬದಿಂದ ಕಂಬದ ನಡುವಿನ ಜಾಗಗಳನ್ನು, ಕೂಡಿಸಿ, ಮಡಚಿಕೊಂಡು ಒಂದು ಪಕ್ಕಕ್ಕೆ ಸೇರುವ ಬಾಗಿಲನ್ನು ಹಾಕಿಸಬೇಕೆಂದು ನಮಗೆ ಬಹಳ ಆಸೆಯಿತ್ತು. ರಚನಾ ಎಂಜಿನಿಯರ್ ಬಂದು ನೋಡಿ, ಉಕ್ಕಿನ ತೊಲೆ ಕೊಟ್ಟರೆ ಭಾರವೇನೋ ನಿಲ್ಲುತ್ತದೆ, ಆದರೆ ಭೂಕಂಪದಲ್ಲಿ ಮನೆ ಅಡ್ಡಲಾಗಿ ಅಲುಗಾಡದಂತೆ ತಡೆಯುವುದು ಇರುವ ಕೆಲವೇ ಗಟ್ಟಿ ಗೋಡೆಗಳು, ಗಾಜಿನ ಕಡೆಯಲ್ಲಿ ಬಲ ಕಡಿಮೆ ಮಾಡಿದರೆ ಬೇರೆ ಕಡೆ ಅದನ್ನು ತುಂಬಿಕೊಡಬೇಕು ಎಂದು ವಿವರಿಸಿದರು. 1989ರ ಲೋಮಾ ಪ್ರಿಯೇಟಾ ಭೂಕಂಪವನ್ನು ಕಂಡ ಪ್ರದೇಶ ಇದು. ಆಸೆಯನ್ನು ಬಿಟ್ಟು, ಕಂಬ ಇದ್ದಲ್ಲೇ ಇರಲೆಂದು, ಒಂದೊಂದು ಅಂಕಣಕ್ಕೂ ಒಂದೊಂದು ಅಲ್ಯೂಮಿನಿಯಂ ಚೌಕಟ್ಟಿನ ಸ್ಲೈಡಿಂಗ್ ಬಾಗಿಲನ್ನು ಹಾಕಿಸಿದೆವು. ಏಳು ವರ್ಷಗಳ ನಂತರ ಈ ನಿರ್ಧಾರದ ಬಗ್ಗೆ ನನಗೆ ಸ್ವಲ್ಪವೂ ವಿಷಾದವಿಲ್ಲ. ಪೂರ್ತಿ ತೆರೆದ ಗೋಡೆ ನಮಗೆ ಬೇಕಾದದ್ದು ವರ್ಷದಲ್ಲಿ ಐದಾರು ದಿನ, ಹಬ್ಬಕ್ಕೋ ಮಕ್ಕಳ ಹುಟ್ಟುಹಬ್ಬಕ್ಕೋ ಜನ ಸೇರಿದಾಗ. ಉಳಿದ ದಿನಗಳಲ್ಲಿ ನಾವು ಮಾಡುವುದು ಒಂದೇ ಬಾಗಿಲನ್ನು ಒಂದು ಕೈಯಿಂದ ಸರಿಸಿ, ಇನ್ನೊಂದು ಕೈಯಲ್ಲಿ ತಟ್ಟೆಯನ್ನೋ ಒಗೆದ ಬಟ್ಟೆಯ ಬುಟ್ಟಿಯನ್ನೋ ಹಿಡಿದು ಆಚೆ ಹೋಗುವುದು. ಸ್ಲೈಡಿಂಗ್ ಬಾಗಿಲಿಗೆ ಸೊಳ್ಳೆಪರದೆ ಸುಲಭವಾಗಿ ಕೂರುತ್ತದೆ, ಸಂಜೆಯ ಹೊತ್ತು ಅದರ ಬೆಲೆ ತಿಳಿಯುತ್ತದೆ. ಕೆಳಹಳಿಯಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಎರಡು ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುಚಿ ಮಾಡಬೇಕು. ಆರನೆಯ ವರ್ಷದಲ್ಲಿ ಹೆಚ್ಚು ಬಳಸುವ ಬಾಗಿಲಿನ ಚಕ್ರಗಳನ್ನು ಬದಲಾಯಿಸಬೇಕಾಯಿತು.

ಮೂಲದ ಗಾಜು ಒಂದೇ ಪದರದ್ದು, ಒಡೆದರೆ ಕತ್ತಿಯಂತೆ ಚೂಪಾದ ತುಂಡುಗಳಾಗುವಂಥದ್ದು. ಚಿಕ್ಕ ಮಕ್ಕಳಿರುವವರು ಬೇರೆಲ್ಲ ಕೆಲಸವನ್ನು ಮುಂದೂಡಿದರೂ ನೆಲಮಟ್ಟದ ಹಳೆಯ ಗಾಜನ್ನು ಮೊದಲು ಬದಲಾಯಿಸಿರೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮದೀಗ ಎರಡು ಪದರದ, ಒಡೆದರೆ ಮೊಂಡು ಚೂರುಗಳಾಗುವ ಗಟ್ಟಿಗಾಜು. ಅದು ಅಷ್ಟು ತಿಳಿಯಾಗಿರುವುದರಿಂದ ಮಗ ಮೊದಲ ವಾರದಲ್ಲೇ ಓಡಿಬಂದು ಹಣೆ ಬಡಿಸಿಕೊಂಡ. ಅಮ್ಮ ಮಕ್ಕಳ ಕಣ್ಣಿನ ಎತ್ತರಕ್ಕೆ ಚುಕ್ಕಿ ರಂಗೋಲಿಯ ಎಳೆಗಳನ್ನು ಬಿಳಿ ಅಂಟುಕಾಗದದಲ್ಲಿ ಕತ್ತರಿಸಿ ಅಂಟಿಸಿದರು. ಅವು ಇಂದಿಗೂ ಇವೆ.

ಬಾಗಿಲಿನ ಕೆಳಹಳಿಯನ್ನು ನೆಲಕ್ಕೆ ಸಮನಾಗಿ ಇಳಿಸಲು ಕಾಂಕ್ರೀಟನ್ನು ಕೊರೆಯಬೇಕಿತ್ತು. ಕೊರೆಯುವ ಮೊದಲು ನೆಲವನ್ನು ಬಿಸಿಮಾಡಿ, ಶಾಖ ತೋರಿಸುವ ಕ್ಯಾಮೆರಾದಿಂದ ಕೊಳವೆಗಳ ದಾರಿಯನ್ನು ಗುರುತಿಸಿ, ನೆಲದ ಮೇಲೆ ಬಣ್ಣದ ಗೆರೆ ಎಳೆದಿದ್ದೆವು. ಆದರೂ ಬಾಗಿಲು ಕೂರಿಸಲು ಬಂದ ತಂಡ ಗೆರೆಯನ್ನು ಗಮನಿಸದೆ ಬೋಲ್ಟಿಗಾಗಿ ರಂಧ್ರ ಕೊರೆದು ಒಂದು ತಾಮ್ರದ ಕೊಳವೆಯನ್ನು ತೂತು ಮಾಡಿತು. ಅದನ್ನು ಬಿಡಿಸಿ, ಬೆಸುಗೆ ಹಾಕಿ, ಇಡೀ ಜಾಲಕ್ಕೆ ಒತ್ತಡದ ಪರೀಕ್ಷೆ ನಡೆಸಿ, ಮತ್ತೆ ಕಾಂಕ್ರೀಟ್ ತುಂಬುವಷ್ಟರಲ್ಲಿ ಮೂರು ವಾರ ಕಳೆದವು. ತಪ್ಪನ್ನು ಅವರು ಒಪ್ಪಿಕೊಂಡು ಖರ್ಚನ್ನು ಭರಿಸಿದರು. ಕೆಲಸದ ಕರಾರಿನಲ್ಲಿ ನೆಲದ ಕೊಳವೆಗೆ ಪೆಟ್ಟಾದರೆ ಹೊಣೆ ಯಾರದೆಂದು ಬರೆಸಿಕೊಂಡಿದ್ದರಿಂದಲೇ ಅದು ಸಾಧ್ಯವಾಯಿತು.

ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದಕ್ಕೆ ಆ ನೆಲದ ಬಿಸಿ ತಕ್ಕದ್ದೇ. ಕೊರಿಯಾ ಯುದ್ಧದ ಕಾಲದಲ್ಲಿ ತಾಮ್ರದ ಕೊರತೆಯಿಂದ ಕೆಲವು ಐಕ್ಲರ್ ಮನೆಗಳಿಗೆ ಉಕ್ಕಿನ ಕೊಳವೆ ಹಾಕಿದ್ದರು. ಅವು ತುಕ್ಕು ಹಿಡಿದು ಸೋರುವುದರಿಂದ ಅಂಥ ಮನೆಗಳವರು ಬೇರೆ ವ್ಯವಸ್ಥೆಯನ್ನೇ ಯೋಚಿಸಬೇಕಾಗುತ್ತದೆ. ತಾಮ್ರವಿದ್ದು ಒತ್ತಡ ನಿಲ್ಲುವುದಾದರೆ ಉಳಿಸಿಕೊಳ್ಳಿ. ಬಾಯ್ಲರ್ ಮಾತ್ರ ಹೊಸದು ಬೇಕಾಗಬಹುದು, ನಮಗೂ ಬೇಕಾಯಿತು. ನೆಲ ಕಾಯಲು ಗಂಟೆಗಟ್ಟಲೆ ಹಿಡಿಯುವುದರಿಂದ ಆಗಾಗ ಆರಿಸಿ ಹಚ್ಚುವುದರಲ್ಲಿ ಅರ್ಥವಿಲ್ಲ, ಚಳಿಗಾಲವಿಡೀ ಒಂದೇ ಹದದಲ್ಲಿ ಬಿಡುತ್ತೇವೆ. ಮಂಡಿನೋವಿರುವ ಅಮ್ಮ ಡಿಸೆಂಬರ್‌ನಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ, ಹೊಸ್ತಿಲೆಡವದೆ ಅಂಗಳದ ತುಳಸಿಗೆ ನೀರು ಹಾಕಿ ಬರುತ್ತಾರೆ. ನನ್ನ ಮಟ್ಟಿಗೆ ಇಡೀ ನವೀಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು.

ಛಾವಣಿಗೆ ಹಳೆಯ ಡಾಂಬರು ಮತ್ತು ಜಲ್ಲಿಯನ್ನು ತೆಗೆಸಿ ಸಿಂಪಡಿಸಿದ ಮೇಲೆ ಗಟ್ಟಿಯಾಗುವ ಪಾಲಿಯುರಿಥೇನ್ ನೊರೆ ಹೊದಿಸಿದ್ದೇವೆ. ಅಟ್ಟವಿಲ್ಲದ ಮನೆಯಲ್ಲಿ ಶಾಖ ತಡೆಯುವ ಪದರವನ್ನು ಮೇಲೆಯೇ ಕೊಡಬೇಕು, ಕೆಳಗಿನಿಂದ ಕೊಟ್ಟರೆ ಹಲಗೆ ಮುಚ್ಚಿಗೆ ಮರೆಯಾಗುತ್ತದೆ. ನಾವು ಮೊದಲು ಮಾತಾಡಿದ ಗುತ್ತಿಗೆದಾರರೊಬ್ಬರು ತಂತಿಗಳನ್ನು ಮರೆಮಾಡಲು ಕೆಳಗೆ ಜಿಪ್ಸಮ್ ಹಲಗೆ ಬಡಿಯುವುದಾಗಿ ಹೇಳಿದ್ದರು. ಆ ಮಾತು ಕೇಳಿದ ಮೇಲೆ ನಾವು ಐಕ್ಲರ್ ಮನೆಗಳಲ್ಲಿ ಕೆಲಸ ಮಾಡಿದ ಅನುಭವವಿರುವವರನ್ನೇ ಹುಡುಕಿದೆವು. ನೊರೆಯಲ್ಲಿ ನೀರು ನಿಲ್ಲದಂತೆ ವಾಟ ಕೊಡಬಹುದು, ಇದುವರೆಗೆ ಒಂದು ಹನಿಯೂ ಸೋರಿಲ್ಲ. ಬಿಸಿಲಿನಿಂದ ಕಾಪಾಡುವ ಮೇಲಿನ ಲೇಪವನ್ನು ಸುಮಾರು 10 ವರ್ಷಕ್ಕೊಮ್ಮೆ ಹೊಸದಾಗಿ ಬಳಿಸಬೇಕು.

ಅಡಿಗೆಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲವೂ ಒಂದೇ ಹಜಾರವಾದ ಮನೆಯಲ್ಲಿ ಒಗ್ಗರಣೆಯ ಘಾಟು ಮಲಗುವ ಕೋಣೆಯವರೆಗೂ ಹೋಗುತ್ತದೆ. ಹೊಗೆ ಹೀರುವ ಯಂತ್ರವನ್ನು ನೇರವಾಗಿ ಛಾವಣಿಗೆ ತೆರೆಸಿದ್ದೂ, ಪಕ್ಕದ ಓಣಿಯಲ್ಲಿ ಮಾಡಿನಡಿ ಒಂದು ಹೊರಗಿನ ಒಲೆ ಇಟ್ಟದ್ದೂ ಒಳ್ಳೆಯದಾಯಿತು. ಭಾನುವಾರದ ದೋಸೆ ಅಲ್ಲೇ. ಹಳೆಯ ನೆಲಹಾಸಿನ ಕೆಳಗೆ, ಧೂಳು ಉಸಿರಿಗೆ ಸೇರಿದರೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರುವ ಒಂಬತ್ತಂಗುಲದ ಟೈಲ್ ಸಿಕ್ಕಿತು. ಪರೀಕ್ಷೆ ಮಾಡಿಸದೆ ಯಾರೂ ಅದನ್ನು ಕೀಳಬಾರದು, ಪರವಾನಗಿಯುಳ್ಳವರಿಂದಲೇ ತೆಗೆಸಬೇಕು. ಸನ್ನಿವೇಲ್ ನಗರಾಡಳಿತ 2009ರಲ್ಲಿ ಈ ಮನೆಗಳಿಗಾಗಿಯೇ ವಿನ್ಯಾಸದ ಮಾರ್ಗಸೂಚಿ ಹೊರಡಿಸಿದೆ. ನಕ್ಷೆ ಬರೆಸುವ ಮೊದಲೇ ಅದನ್ನು ಓದಿಕೊಂಡರೆ ಓಡಾಟ ಕಡಿಮೆಯಾಗುತ್ತದೆ.

ಹೊರಗಿನ ಗಾಳಿಯನ್ನು ನಂಬಿ ಬಾಳುವ ಮನೆಗೆ ಆ ಗಾಳಿಯೇ ಕೆಟ್ಟಾಗ ಏನು ಮಾಡುವುದೆಂಬುದನ್ನು ನಾವು ಯೋಚಿಸಿರಲಿಲ್ಲ. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆಯಿಂದ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ, ಮೂರು ಕಡೆ ಗಾಜಿದ್ದ ನಮ್ಮ ನಡುಮನೆಯೂ ಅದೇ ಬಣ್ಣವಾಯಿತು. ಆ ತಿಂಗಳು ಹೊಸ ಬಾಗಿಲುಗಳ ಅಂಚಿನ ರಬ್ಬರ್ ಪಟ್ಟಿ ಹೊಗೆಯನ್ನು ಚೆನ್ನಾಗಿ ತಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಸ್ಯಾನ್ ಹೋಸೆಯಲ್ಲಿ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಮಾತ್ರ ನಾವು ಸೋತೆವು. ಪಡುವಣದ ಗಾಜು ಮಧ್ಯಾಹ್ನವಿಡೀ ಒಲೆಯಂತೆ ಕಾದು, ರಾತ್ರಿ ಕೂಡ ಕಾಂಕ್ರೀಟ್ ನೆಲ ತಣಿಯಲಿಲ್ಲ. ಮರುವರ್ಷ ಕೊಳವೆಮಾರ್ಗ ಬೇಡದ, ಗೋಡೆಗೆ ತೂಗುಹಾಕುವ, ಎಸಿಯಂತೆ ಕೋಣೆ ತಂಪು ಮಾಡುವ ಹೀಟ್ ಪಂಪ್‌ಗಳನ್ನು ಎರಡು ಕಡೆ ಹಾಕಿಸಿದೆವು. ಅವು ಚೆನ್ನಾಗಿ ಕೆಲಸ ಮಾಡುತ್ತಿವೆ, ಆದರೆ ಅವುಗಳ ತಂತಿ ಮತ್ತು ಕೊಳವೆಗಳನ್ನು ಛಾವಣಿಯ ನೊರೆ ಹಾಕುವಾಗಲೇ ಅದರಡಿ ಹಾಯಿಸಿದ್ದರೆ ಈಗ ಹೊರಗೋಡೆಯ ಮೇಲೆ ಕಾಣುವ ಆ ಬಿಳಿಯ ಪಟ್ಟಿ ಇರುತ್ತಿರಲಿಲ್ಲ. ಪಡುವಣದ ಬಾಗಿಲುಗಳ ಮುಂದೆ ಮಡಚುವ ಬಟ್ಟೆಯ ಚಪ್ಪರವೊಂದನ್ನು ಮುಂದಿನ ವಸಂತದಲ್ಲಿ ಹಾಕಿಸಲಿದ್ದೇವೆ.

ಈ ಅಕ್ಟೋಬರ್‌ನ ಕೊನೆಯ ಶನಿವಾರ ಅಂಗಳದ ಮೇಪಲ್ ಎಲೆಗಳನ್ನು ಗುಡಿಸಿ, ಕಿರುಗಾಲುವೆಯ ಜಾಲರಿ ಎತ್ತಿ ತೊಳೆದು, ಎರಡೂ ಬಾಯಿಗಳಿಗೆ ಎರಡೆರಡು ಬಕೆಟ್ ನೀರು ಸುರಿದು ನೋಡಿದೆವು. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ನೀರು ಪೂರ್ತಿ ಇಳಿದ ಮೇಲೆಯೇ ಒಳಗೆ ಎದ್ದುಹೋದರು.