ಪ್ಯಾಕಾರ್ಡ್ ಒನ್-ಟ್ವೆಂಟಿ: ಅಗ್ಗದ್ದು ಅಂತ ಸುಮ್ನೆ ಬೈಯಬೇಡಿ

ಹಳೇ ಕಾರುಗಳ ಹುಚ್ಚಿರುವವರು ಅಮೆರಿಕದ ಐಷಾರಾಮಿ ಕಾರು ಕಂಪನಿ ಪ್ಯಾಕಾರ್ಡ್ ಮುಳುಗಿದ ಕಥೆ ಹೇಳುವಾಗ, ಅಗ್ಗದ ಒನ್-ಟ್ವೆಂಟಿ ತಂದು ಹೆಸರು ಕೆಡಿಸಿಕೊಂಡರು ಅಂತ ತಪ್ಪನ್ನೆಲ್ಲ ತಂದು ಈ ಕಾರಿನ ತಲೆಗೆ ಕಟ್ಟುತ್ತಾರೆ. ನನಗಂತೂ ಒಪ್ಪಿಗೆಯಿಲ್ಲ.

1929ರ ಷೇರು ಕುಸಿತ ಆದಮೇಲೆ ಅಮೆರಿಕದಲ್ಲಿ ಬ್ಯಾಂಕುಗಳೇ ಬಾಗಿಲು ಹಾಕುತ್ತಿದ್ದವು, ಇನ್ನು ಎರಡು ಮೂರು ಸಾವಿರ ಡಾಲರ್ ಸುರಿದು ಕಾರು ಕೊಳ್ಳೋರು ಎಷ್ಟು ಜನ ಉಳಿದಾರು? 1934ರಲ್ಲಿ ಪ್ಯಾಕಾರ್ಡ್ ಹತ್ತು ಸಾವಿರ ಕಾರನ್ನೂ ಮಾಡಲಿಲ್ಲ. ಆಗ ಕಂಪನಿಯ ಅಧ್ಯಕ್ಷ ಆಲ್ವನ್ ಮೆಕಾಲೆ, ಜನರಲ್ ಮೋಟಾರ್ಸ್‌ನಲ್ಲಿ ಪಳಗಿದ ಜಾರ್ಜ್ ಕ್ರಿಸ್ಟೋಫರ್ ಅವರನ್ನು ಕರೆತಂದು ಡೆಟ್ರಾಯಿಟ್ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆಗೆ ಕೈ ಹಾಕಿದರು. 1935ರ ಜನವರಿಯಲ್ಲಿ ಒನ್-ಟ್ವೆಂಟಿ ಹೊರಬಂತು, ಬೆಲೆ 980 ಡಾಲರ್‌ನಿಂದ ಶುರು. ಮೊದಲ ವರ್ಷವೇ ಸುಮಾರು 25 ಸಾವಿರ ಕಾರು ತಯಾರಾದವು.

ಬೆಲೆ ಇಳಿಸಿದರು ಅಂತ ಮಾಲು ಕಳಪೆ ಆಗಿರಲಿಲ್ಲ. 120 ಇಂಚಿನ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರದ ದೂರ), ಹೆಸರು ಬಂದಿದ್ದೂ ಅದರಿಂದಲೇ. ಬಾನೆಟ್ ಎತ್ತಿದರೆ ಒಂದೇ ಸಾಲಿನಲ್ಲಿ ಎಂಟು ಸಿಲಿಂಡರ್, ಸುಮಾರು 4.2 ಲೀಟರ್, 110 ಕುದುರೆ ಶಕ್ತಿ. ಮಜಾ ಏನಂದ್ರೆ, ಹೈಡ್ರಾಲಿಕ್ ಬ್ರೇಕು, ಮುಂದಿನ ಒಂದೊಂದು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಎರಡೂ ಪ್ಯಾಕಾರ್ಡ್‌ಗಳಲ್ಲಿ ಮೊದಲು ಸಿಕ್ಕಿದ್ದು ಈ ಅಗ್ಗದ ಕಾರಿಗೆ. ಇದರ ದುಪ್ಪಟ್ಟು ದುಡ್ಡು ಕೊಟ್ಟ ಶ್ರೀಮಂತರು ತಮ್ಮ ದೊಡ್ಡ ಪ್ಯಾಕಾರ್ಡಿನಲ್ಲಿ ಇವೆರಡನ್ನು ಕಾಣಲು 1937ರವರೆಗೆ ಕಾಯಬೇಕಾಯಿತು! ನೋಟದಲ್ಲೂ ಮೋಸವಿಲ್ಲ: ದೊಡ್ಡ ಪ್ಯಾಕಾರ್ಡಿನಲ್ಲಿದ್ದ ಎತ್ತಿನ ನೊಗದ ಹಾಗೆ ಮೇಲ್ಭಾಗ ಬಾಗಿದ ಅದೇ ರೇಡಿಯೇಟರ್, ಚಕ್ರದ ನಡುವೆ ಅದೇ ಕೆಂಪು ಷಟ್ಕೋನ.

ಆದರೆ ಇದೇ ಚಹರೆ ಮುಂದೆ ಕೈಕೊಟ್ಟಿತು ನೋಡಿ. 1937ರಲ್ಲಿ ಎರಡು ಸಿಲಿಂಡರ್ ಕಡಿಮೆ ಮಾಡಿ, ಇನ್ನೂ ಅಗ್ಗದ ಆರು ಸಿಲಿಂಡರ್ ಪ್ಯಾಕಾರ್ಡ್ ತಂದರು. ಆ ವರ್ಷ ಒಂದು ಲಕ್ಷ ದಾಟಿತು ಉತ್ಪಾದನೆ, ನಿಜ. ಅದಕ್ಕೂ ಅದೇ ನೊಗ, ಅದೇ ಹೆಸರು. ಬೀದಿಗೊಂದು ಪ್ಯಾಕಾರ್ಡ್ ಆದಮೇಲೆ ಬ್ಯಾಂಕ್ ಮಾಲೀಕ ಯಾಕೆ ತಗೋತಾನೆ, ಅವನು ಜನರಲ್ ಮೋಟಾರ್ಸ್‌ನ ದುಬಾರಿ ಕಾರು ಕ್ಯಾಡಿಲಾಕ್ ಕಡೆ ನಡೆದ. ಜನರಲ್ ಮೋಟಾರ್ಸ್‌ನವರು ಜಾಣರು, ಕ್ಯಾಡಿಲಾಕ್‌ಗಿಂತ ಅಗ್ಗದ ಕಾರಿಗೆ ಲಾಸಾಲ್ ಅಂತ ಬೇರೆ ಹೆಸರೇ ಇಟ್ಟಿದ್ದರು. 1940ರಲ್ಲಿ ಅದನ್ನು ನಿಲ್ಲಿಸಿದಾಗ ಕ್ಯಾಡಿಲಾಕ್ ಹೆಸರಿಗೆ ಏನೂ ಆಗಲಿಲ್ಲ. ಬೈಯೋದಿದ್ದರೆ ಆ ಆರು ಸಿಲಿಂಡರ್ ಕಾರನ್ನು ಬೈಯಿರಿ.

ಒನ್-ಟ್ವೆಂಟಿಯಲ್ಲಿ ಆರಿಸು ಅಂದರೆ ನನ್ನ ಓಟು 1936ರದ್ದಕ್ಕೆ. ಎಂಜಿನ್ ಹಿಗ್ಗಿಸಿ 120 ಕುದುರೆ ಶಕ್ತಿ ಮಾಡಿದ್ದರು.